ಪ್ರಿಂಟರ್‌ನಿಂದ ಹೊರಬಂದ ಇಂಕ್ ಬಾಟಲಿ

1977ರಲ್ಲಿ ಜಪಾನಿನ ಕ್ಯಾನನ್ ಕಂಪನಿಯ ಇಚಿರೊ ಎಂಡೊ ಅವರ ಪ್ರಯೋಗಾಲಯದಲ್ಲಿ, ಕಾದ ಸಾಲ್ಡರಿಂಗ್ ಐರನ್ನು ಇಂಕ್ ತುಂಬಿದ ಸಿರಿಂಜಿನ ಸೂಜಿಗೆ ತಾಗಿತು. ಒಳಗೆ ಗುಳ್ಳೆ ಎದ್ದು ಇಂಕು ತುದಿಯಿಂದ ಚಿಮ್ಮಿತು. ಬಬಲ್ ಜೆಟ್ ಎಂಬ ಮುದ್ರಣ ತಂತ್ರ ಹುಟ್ಟಿದ್ದು ಹೀಗೆ. ಹೆಚ್ಚುಕಡಿಮೆ ಅದೇ ಕಾಲಕ್ಕೆ ಅಮೆರಿಕದ ಎಚ್‌ಪಿ ಕೂಡ ಇದೇ ದಾರಿ ಹಿಡಿದು, 1984ರಲ್ಲಿ ಥಿಂಕ್‌ಜೆಟ್ ಪ್ರಿಂಟರ್ ಮಾರಿತು. ಎಪ್ಸನ್ ಕಂಪನಿ ಮಾತ್ರ ಬಿಸಿಯ ತಂಟೆಗೆ ಹೋಗದೆ, ವಿದ್ಯುತ್ ಹಾಯಿಸಿದರೆ ಬಾಗುವ ಪೀಜೋ ಹರಳಿನಿಂದ ಇಂಕನ್ನು ಒತ್ತಿ ಹನಿಯಾಗಿಸಿತು. ಅಂಗಡಿಯಲ್ಲಿ ಸಾಲಾಗಿ ಇಟ್ಟಿರುವ ಇಂಕ್‌ಜೆಟ್‌ಗಳೆಲ್ಲ ಇಂದಿಗೂ ಈ ಎರಡು ಕವಲಿನವೇ.

ಅವು ಮೊದಮೊದಲು ಪತ್ರ, ಬಿಲ್ಲು ಮುದ್ರಿಸುವ ಯಂತ್ರಗಳು. ನಾಲ್ಕೇ ಬಣ್ಣದಲ್ಲಿ ಫೋಟೊ ಮುದ್ರಿಸಿದರೆ ಮಗುವಿನ ಕೆನ್ನೆಯ ಮೇಲೆ ಕೆಂಪು ಚುಕ್ಕೆ ಎದ್ದು ಕಾಣುತ್ತಿತ್ತು. ತಿಳಿ ಬಣ್ಣ ಬೇಕೆಂದರೆ ಗಾಢ ಚುಕ್ಕೆಗಳನ್ನೇ ದೂರದೂರ ಇಡಬೇಕಿತ್ತಲ್ಲ! 1990ರ ದಶಕದ ನಡುವಿಗೆ ಎಪ್ಸನ್ ತಿಳಿ ಸಯಾನ್, ತಿಳಿ ಮಜೆಂಟಾ ಸೇರಿಸಿ ಆರು ಬಣ್ಣದ ಫೋಟೊ ಪ್ರಿಂಟರ್ ತಂದಮೇಲೆ ಕೆನ್ನೆ ಕೆನ್ನೆಯಾಯಿತು, ಆಕಾಶವೂ ನಯವಾಯಿತು.

ಮುಂದಿನ ತೊಡಕು ಬಾಳಿಕೆಯದು. 2000ದಲ್ಲಿ ಬಂದ ಸ್ಟೈಲಸ್ ಫೋಟೊ 870, 1270 ಪ್ರಿಂಟರ್‌ಗಳ ಚಿತ್ರಗಳು ಕೆಲವರ ಮನೆಯಲ್ಲಿ ಬೇಗನೆ ಕಿತ್ತಳೆ ಬಣ್ಣಕ್ಕೆ ತಿರುಗಿದವು. ಗಾಳಿಯಲ್ಲಿನ ಓಝೋನ್ ಸಯಾನ್ ಇಂಕನ್ನು ತಿಂದುಹಾಕಿತ್ತು. ಗಾಜಿನ ಚೌಕಟ್ಟು ಹಾಕಿಸಿದ ಫೋಟೊ ಹೆಚ್ಚು ಬಾಳುವುದು ಬಿಸಿಲಿನಿಂದಷ್ಟೇ ಅಲ್ಲ, ಗಾಳಿಯಿಂದಲೂ ತಪ್ಪಿಸಿಕೊಳ್ಳುವುದರಿಂದ.

ಇಷ್ಟಾದರೂ ಮನೆಯವರು ಪ್ರಿಂಟರ್‌ಗೆ ಹೆದರುತ್ತಿದ್ದುದು ಕಾರ್ಟ್ರಿಜ್ ಬೆಲೆಗೆ. ಯಂತ್ರ ಅಗ್ಗ, ಇಂಕು ದುಬಾರಿ: ಕಂಪನಿಗಳ ಲೆಕ್ಕವೇ ಅದು. ಆ ಲೆಕ್ಕ ಕೆಡಿಸಿದವರು ನಮ್ಮಂಥ ದೇಶಗಳ ಚಿಕ್ಕ ಅಂಗಡಿಯವರು ಎಂಬುದು ನನಗೆ ಈ ಕಥೆಯ ಅತ್ಯಂತ ಇಷ್ಟದ ಭಾಗ. ಖಾಲಿ ಕಾರ್ಟ್ರಿಜ್‌ಗೆ ಸಿರಿಂಜಿನಲ್ಲಿ ರೀಫಿಲ್ ಮಾಡಿದರು. ಅದೂ ಸಾಲದೆ ಪ್ರಿಂಟರ್‌ನ ಪಕ್ಕದಲ್ಲಿ ಬಣ್ಣದ ಡಬ್ಬಿಗಳನ್ನಿಟ್ಟು, ಸಪೂರ ನಳಿಗೆಗಳನ್ನು ಮುಚ್ಚಳದ ಸಂದಿಯಿಂದ ಒಳಗೆ ಎಳೆದರು. ಬೆಂಗಳೂರಿನಲ್ಲಿ ಕಂಪ್ಯೂಟರ್ ಸಾಮಾನಿನ ಅಂಗಡಿಗಳಿರುವ ಎಸ್.ಪಿ. ರಸ್ತೆಯಲ್ಲಿ ಓಡಾಡಿದವರಿಗೆ ಇದು ಹೊಸದಲ್ಲ. ವಾರಂಟಿ ಹೋಗುತ್ತಿತ್ತು, ನಳಿಗೆಯಲ್ಲಿ ಗಾಳಿ ಸೇರುತ್ತಿತ್ತು, ಟೇಬಲ್ ಕ್ಲಾತ್ ನೀಲಿಯಾಗುತ್ತಿತ್ತು. ಆದರೂ ಜನ ಬಿಡಲಿಲ್ಲ. ಕೊನೆಗೆ ಎಪ್ಸನ್ ತಾನೇ 2010ರಲ್ಲಿ, ಮೊದಲು ಇಂಡೊನೇಷ್ಯಾದಲ್ಲಿ, ಟ್ಯಾಂಕ್ ಇರುವ ಪ್ರಿಂಟರ್ ಮಾರಿತು. ಮುಂದೆ ಆರು ಬಣ್ಣದ ಎಲ್800, ಎಲ್805 ಬಂದು ನಮ್ಮ ಊರಿನ ಸ್ಟುಡಿಯೋಗಳ ಪಾಸ್‌ಪೋರ್ಟ್ ಸೈಜ್ ಫೋಟೊ ಕೆಲಸಕ್ಕೆ ನಿಂತವು. ಉಳಿದ ಕಂಪನಿಗಳೂ ಟ್ಯಾಂಕಿಗೆ ಬಂದವು.

ಹಾಗಾದರೆ ಮನೆಗೆ ಯಾವುದು? ಅಂಗಡಿಯವರು ಡಿಪಿಐ, ಅಂದರೆ ಇಂಚಿಗೆ ಎಷ್ಟು ಚುಕ್ಕೆ ಎಂಬ ಸಂಖ್ಯೆ ಹೇಳುತ್ತಾರೆ. ನೀವು ಬಾಟಲಿಗಳನ್ನು ಎಣಿಸಿ. ನಾಲ್ಕು ಬಾಟಲಿಯ ಹಲವು ಮಾದರಿಗಳಲ್ಲಿ ಕಪ್ಪು ಮಾತ್ರ ಪಿಗ್ಮೆಂಟ್ ಇಂಕು, ಅಂದರೆ ಕರಗದ ಬಣ್ಣದ ಕಣಗಳದ್ದು. ಅಕ್ಷರಕ್ಕೆ ಅದು ಚೆನ್ನ, ಗ್ಲಾಸಿ ಪೇಪರ್ ಮೇಲೆ ನಿಲ್ಲುವುದಿಲ್ಲ. ಆದ್ದರಿಂದ ಫೋಟೊ ಮುದ್ರಿಸುವಾಗ ಯಂತ್ರ ಅದನ್ನು ಬದಿಗಿಟ್ಟು ಉಳಿದ ಮೂರು ಬಣ್ಣ ಬೆರೆಸಿ ಕಪ್ಪು ಮಾಡುತ್ತದೆ. ಅಜ್ಜಿಯ ತಲೆಗೂದಲು ಕಂದಾಗಬಹುದು. ಮಕ್ಕಳ ಪ್ರಾಜೆಕ್ಟ್ ಮುಖ್ಯ, ಫೋಟೊ ಅಪರೂಪ ಎಂದರೆ ನಾಲ್ಕು ಬಾಟಲಿಯದ್ದೇ ಸಾಕು. ಆಲ್ಬಮ್ ಮಾಡುವ ಹುಚ್ಚಿದ್ದರೆ ಆರು ಬಣ್ಣದ್ದೇ ಸರಿ, ಆದರೆ ವಾರಕ್ಕೊಂದಾದರೂ ಬಣ್ಣದ ಪುಟ ತೆಗೆಯುತ್ತಿರಬೇಕು. ಇಲ್ಲದಿದ್ದರೆ ಬೇಸಿಗೆಯಲ್ಲಿ ಇಂಕು ಚಿಮ್ಮುವ ನಾಝಲ್ ಒಣಗಿ ಆಕಾಶದಲ್ಲಿ ಬಿಳಿ ಗೆರೆ ಬೀಳುತ್ತದೆ.

ಹಬ್ಬಕ್ಕೊಮ್ಮೆ ಪ್ರಿಂಟ್ ತೆಗೆಯುವವರಿಗೆ ಕ್ಯಾನನ್‌ನ ಸೆಲ್ಫಿಯಂಥ (SELPHY), ಬಿಸಿಯಿಂದ ಬಣ್ಣವನ್ನು ಕಾಗದಕ್ಕೆ ಇಳಿಸುವ ಡೈ-ಸಬ್ಲಿಮೇಶನ್ ಯಂತ್ರವಿದೆ. ಅದರಲ್ಲಿ ಒಣಗಲು ದ್ರವವೇ ಇಲ್ಲ. ರಿಬ್ಬನ್‌ನಿಂದ ಹಳದಿ, ಮಜೆಂಟಾ, ಸಯಾನ್, ಕೊನೆಗೆ ಪಾರದರ್ಶಕ ಲೇಪ, ಹೀಗೆ ಕಾಗದ ನಾಲ್ಕು ಸಲ ಒಳಗೆ ಹೋಗಿ ಬರುತ್ತದೆ. ಗಾತ್ರ ಮಾತ್ರ ಪೋಸ್ಟ್‌ಕಾರ್ಡಿನಷ್ಟು. ಅದಕ್ಕಿಂತ ದೊಡ್ಡದು ಬೇಕಾದವರು ಸ್ಟುಡಿಯೋಗೆ ಹೋಗುವುದೇ ಲಾಭ.

ಟ್ಯಾಂಕ್ ಪ್ರಿಂಟರನ್ನೇ ಕೊಳ್ಳುವುದಾದರೆ ಇನ್ನೊಂದು ವಿಷಯ ವಿಚಾರಿಸಿ. ನಾಝಲ್ ಸ್ವಚ್ಛಗೊಳಿಸಲು ಹೆಡ್ ಕ್ಲೀನಿಂಗ್ ಕೊಟ್ಟಾಗಲೆಲ್ಲ ಒಂದಿಷ್ಟು ಇಂಕು ಒಳಗಿನ ವೇಸ್ಟ್ ಪ್ಯಾಡ್‌ಗೆ ಹೋಗುತ್ತದೆ. ಪ್ಯಾಡ್ ತುಂಬಿತೆಂದು ಯಂತ್ರದೊಳಗಿನ ಎಣಿಕೆ ಹೇಳಿದ ದಿನ ಯಂತ್ರ ನಿಂತುಬಿಡುತ್ತದೆ. ಕೆಲವು ಮಾದರಿಗಳಲ್ಲಿ ಪ್ಯಾಡನ್ನು ಮನೆಯಲ್ಲೇ ಬದಲಿಸಬಹುದು, ಕೆಲವನ್ನು ಸರ್ವಿಸ್ ಸೆಂಟರ್‌ಗೇ ಹೊರಬೇಕು.