ಬೆಳಗಿನ ಉಪಾಹಾರ ಮತ್ತು ನೆನಪಿನ ಶಕ್ತಿ

‘ಊಟ ಬಲ್ಲವನಿಗೆ ರೋಗವಿಲ್ಲ’ ಎಂಬ ಗಾದೆಯನ್ನು ಎಲ್ಲರೂ ಬಲ್ಲರು. ಊಟ ಬಲ್ಲವನಿಗೆ ಮರೆವೂ ಕಡಿಮೆ ಎಂದು ಅದಕ್ಕೆ ಸೇರಿಸಬಹುದೆ? ಬೆಳಗಿನ ಉಪಾಹಾರಕ್ಕೂ ವಿದ್ಯಾರ್ಥಿಯ ಸ್ಮರಣಶಕ್ತಿಗೂ ಇರುವ ನಂಟನ್ನು ಅರಿತರೆ ಇದಕ್ಕೆ ಉತ್ತರ ದೊರೆಯುತ್ತದೆ.

ಮನುಷ್ಯನ ಮಿದುಳು ದೇಹದ ತೂಕದಲ್ಲಿ ನೂರಕ್ಕೆ ಸುಮಾರು 2 ಪಾಲು ಮಾತ್ರ. ಆದರೆ ವಿಶ್ರಾಂತಿಯಲ್ಲಿರುವ ದೇಹವು ವ್ಯಯಿಸುವ ಶಕ್ತಿಯಲ್ಲಿ ನೂರಕ್ಕೆ ಸುಮಾರು 20 ಪಾಲನ್ನು ಅದೊಂದೇ ಬಳಸುತ್ತದೆ. ಬೆಳೆಯುವ ಮಕ್ಕಳಲ್ಲಿ ಈ ಪಾಲು ಇನ್ನೂ ಹೆಚ್ಚು. ಮಿದುಳಿನ ಮುಖ್ಯ ಇಂಧನ ಗ್ಲೂಕೋಸ್. ಇಷ್ಟೊಂದು ಹಸಿವುಳ್ಳ ಈ ಅಂಗಕ್ಕೆ ಹೇಳಿಕೊಳ್ಳುವಂಥ ಉಗ್ರಾಣವಿಲ್ಲ. ರಕ್ತವು ಹೊತ್ತು ತಂದುದನ್ನೇ ಅದು ಕ್ಷಣಕ್ಷಣವೂ ನಂಬಿರಬೇಕು.

ರಾತ್ರಿ 8 ಗಂಟೆಗೆ ಉಂಡ ಬಾಲಕನೊಬ್ಬ ಬೆಳಿಗ್ಗೆ 8 ಗಂಟೆಗೆ ಬರಿಹೊಟ್ಟೆಯಲ್ಲಿ ಶಾಲೆಗೆ ಹೊರಟರೆ ಅದು ಆಗಲೇ 12 ಗಂಟೆಗಳ ಉಪವಾಸ. ಇರುಳೆಲ್ಲ ಯಕೃತ್ತು ತಾನು ಕೂಡಿಟ್ಟ ಗ್ಲೈಕೋಜನ್ ಎಂಬ ಪಿಷ್ಟವನ್ನು ಗ್ಲೂಕೋಸಾಗಿಸಿ ರಕ್ತಕ್ಕೆ ಒದಗಿಸುತ್ತದೆ. ಮಕ್ಕಳಲ್ಲಿ ಈ ದಾಸ್ತಾನು ಚಿಕ್ಕದು. ಹಸಿವು ಹೆಚ್ಚಿದಂತೆ ಗಮನ ಚದುರುತ್ತದೆ. ಗಮನವಿಟ್ಟು ಕೇಳದ ಪಾಠ ನೆನಪಿನಲ್ಲಿ ಉಳಿಯುವುದಾದರೂ ಹೇಗೆ?

ಜಮೈಕಾ ದ್ವೀಪದ ಶಾಲಾಮಕ್ಕಳನ್ನು ಕುರಿತ ಅಧ್ಯಯನವೊಂದು 1989ರಲ್ಲಿ ಪ್ರಕಟವಾಯಿತು. ಅದೇ ಮಕ್ಕಳನ್ನು ಒಂದು ದಿನ ಉಪಾಹಾರ ಕೊಟ್ಟು, ಇನ್ನೊಂದು ದಿನ ಕೊಡದೆ ಪರೀಕ್ಷಿಸಲಾಯಿತು. ಉಪಾಹಾರ ತಪ್ಪಿದ ದಿನ ಹೆಚ್ಚು ಹಿಂದೆ ಬಿದ್ದವರು ಪೋಷಣೆಯ ಕೊರತೆಯಿಂದ ಬಳಲಿದ್ದ ಮಕ್ಕಳು. ಚೆನ್ನಾಗಿ ಉಂಡು ಬೆಳೆದವರು ಹಾಗೆ ಕುಗ್ಗಲಿಲ್ಲ. ಹಸಿವಿನ ಪೆಟ್ಟು ಬಡವನ ಮಗುವಿಗೇ ಹೆಚ್ಚು ಎಂಬುದು ಇದರಿಂದ ತಿಳಿಯುತ್ತದೆ. ಅಂಥ ಮಗುವನ್ನು ದಡ್ಡನೆಂದು ಜರೆಯುವುದಕ್ಕಿಂತ ಅದು ಉಂಡಿದೆಯೇ ಎಂದು ವಿಚಾರಿಸುವುದು ಲೇಸು.

ಸರ್ಕಾರಗಳೂ ಈ ಸತ್ಯವನ್ನು ಮನಗಂಡಿವೆ. ಕರ್ನಾಟಕದಲ್ಲಿ ಶಾಲಾಮಕ್ಕಳಿಗೆ ಬಿಸಿಹಾಲು ನೀಡುವ ಕ್ಷೀರಭಾಗ್ಯ ಯೋಜನೆ 2013ರಲ್ಲಿ ಆರಂಭವಾಯಿತು. 2024ರಲ್ಲಿ ಹಾಲಿನೊಡನೆ ರಾಗಿ ಮಾಲ್ಟ್ ಕೊಡುವ ಕ್ರಮವೂ ಸೇರಿತು. ತಮಿಳುನಾಡು 2022ರಲ್ಲಿ ಪ್ರಾಥಮಿಕ ಶಾಲೆಗಳಲ್ಲಿ ಬೆಳಗಿನ ಉಪಾಹಾರವನ್ನೇ ಆರಂಭಿಸಿತು.

ಉಪಾಹಾರವು ದುಬಾರಿಯಾಗಿರಬೇಕಿಲ್ಲ. ಬರಿಯ ಸಕ್ಕರೆಯ ಚಹಾ ರಕ್ತದ ಸಕ್ಕರೆಯನ್ನು ಬೇಗ ಏರಿಸುತ್ತದೆ. ಅದು ಬೇಗನೆ ಇಳಿಯುತ್ತದೆ. ರಾಗಿ ಅಥವಾ ಜೋಳದ ರೊಟ್ಟಿಯೊಡನೆ ಕಾಳಿನ ಪಲ್ಯವಿದ್ದರೆ ಅದು ನಿಧಾನವಾಗಿ ಜೀರ್ಣವಾಗಿ ಬಹು ಹೊತ್ತು ಆಧಾರವಾಗುತ್ತದೆ.

ಉಪಾಹಾರ ಮಾಡಿದ ಮಾತ್ರಕ್ಕೆ ಓದದ ಪಾಠ ನೆನಪಾಗದು. ಎಣ್ಣೆಯೊಂದೇ ಬೆಳಕಲ್ಲ, ಆದರೆ ಎಣ್ಣೆಯಿಲ್ಲದ ಹಣತೆ ಬೆಳಗಲಾರದು.