ಬಾಣ ತಪ್ಪಿದರೆ ಊರೇ ಕಾಣೆ!

ಎಂಜಿನಿಯರಿಂಗ್ ಓದುವ ಮಗ ರಜೆಗೆಂದು ಊರಿಗೆ ಬಂದಿದ್ದಾನೆ. ಹೊರಗೆ ಜಡಿಮಳೆ, ಒಳಗೆ ಕರೆಂಟಿಲ್ಲ. ಜಗಲಿಯಲ್ಲಿ ಕುಳಿತು ಹಾಳೆಯ ತುಂಬ ಚೌಕಗಳನ್ನೂ ಬಾಣಗಳನ್ನೂ ಗೀಚುತ್ತಿದ್ದಾನೆ. ‘ಕಂಪ್ಯೂಟರ್ ಕಲಿಯಲಿ ಅಂತ ಕಳಿಸಿದರೆ ಇವನು ಚಿತ್ರ ಬಿಡಿಸ್ತಾ ಕೂತಿದ್ದಾನಲ್ಲ’ ಎಂದು ಅಪ್ಪನಿಗೆ ಅನುಮಾನ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಯಾವ ಮನೆಯಲ್ಲಾದರೂ ಕಾಣಬಹುದಾದ ದೃಶ್ಯವಿದು. ಅಪ್ಪ ಸುಮ್ಮನಿರುವುದೇ ಲೇಸು. ‘ಸಿ’ ಭಾಷೆಯ ‘ಲಿಂಕ್ಡ್ ಲಿಸ್ಟ್’ ಪಾಠದಲ್ಲಿ ಆಗುವ ತಪ್ಪುಗಳು ಪರದೆಗಿಂತ ಮೊದಲು ಇಂಥ ಹಾಳೆಯ ಮೇಲೆಯೇ ಸಿಕ್ಕಿಬೀಳುತ್ತವೆ.

ಅಗ್ರಹಾರ ಮತ್ತು ಒಂಟಿಮನೆ

ಅಗ್ರಹಾರದ ಮನೆಗಳು ಗೋಡೆಗೆ ಗೋಡೆ ತಾಗಿಕೊಂಡು ಸಾಲಾಗಿರುತ್ತವೆ. ಮೊದಲ ಮನೆ ಗೊತ್ತಿದ್ದರೆ ಐದನೆಯದನ್ನು ಎಣಿಸಿಯೇ ಹಿಡಿಯಬಹುದು. ‘ಸಿ’ಯ ‘ಅರೇ’ ಇರುವುದು ಹೀಗೆ. ಆದರೆ ಸಾಲಿನ ನಡುವೆ ಹೊಸ ಮನೆ ಕಟ್ಟಲು ಜಾಗವಿರದು.

ಮಲೆನಾಡಿನ ತೋಟದ ಮನೆಗಳ ರೀತಿಯೇ ಬೇರೆ. ಒಂದು ಈ ಗುಡ್ಡದ ಬುಡದಲ್ಲಿ, ಇನ್ನೊಂದು ಹಳ್ಳದಾಚೆ. ಮುಂದಿನ ಮನೆಯ ದಾರಿಯನ್ನು ಹಿಂದಿನ ಮನೆಯವರನ್ನೇ ಕೇಳಬೇಕು. ಲಿಂಕ್ಡ್ ಲಿಸ್ಟ್ ಎಂದರೆ ಇದೇ. ಅದರ ಪ್ರತಿ ‘ನೋಡ್’ನಲ್ಲಿ ಒಂದಿಷ್ಟು ಮಾಹಿತಿ, ಜೊತೆಗೆ ಮುಂದಿನ ನೋಡ್‌ನ ವಿಳಾಸ. ಆ ವಿಳಾಸ ಹಿಡಿದಿಟ್ಟುಕೊಳ್ಳುವುದು ‘ಪಾಯಿಂಟರ್’. ಕೊನೆಯ ನೋಡ್‌ನಲ್ಲಿ ‘ನಲ್’ ಎಂದು ಬರೆದಿರಬೇಕು. ಮುಂದೆ ದಾರಿಯಿಲ್ಲ ಎಂಬ ಫಲಕ ಅದು. ಹೊಸ ನೋಡ್‌ಗೆ ಜಾಗ ಕೇಳಲು ‘ಮ್ಯಾಲಾಕ್’, ಹಿಂದಿರುಗಿಸಲು ‘ಫ್ರೀ’.

ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ 1972ರ ಸುಮಾರಿಗೆ ಡೆನ್ನಿಸ್ ರಿಚಿ ರೂಪಿಸಿದ ಈ ಭಾಷೆ, ಜಾಗದ ಲೆಕ್ಕವನ್ನು ಪ್ರೋಗ್ರಾಂ ಬರೆಯುವವರ ಕೈಗೇ ಬಿಟ್ಟಿದೆ. ಲೆಕ್ಕ ತಪ್ಪಿದರೆ ಅದು ಕೂಗಿ ಹೇಳುವುದಿಲ್ಲ.

ಹರಿಹರಪುರದಲ್ಲೇ ಸುತ್ತು

ಶೃಂಗೇರಿ, ಕೊಪ್ಪ, ನರಸಿಂಹರಾಜಪುರ ಎಂಬ ಮೂರು ನೋಡ್‌ಗಳಿವೆ ಎನ್ನೋಣ. ಮೊದಲೆರಡರ ನಡುವೆ ಹರಿಹರಪುರವನ್ನು ಸೇರಿಸಬೇಕು. ವಿದ್ಯಾರ್ಥಿ ಅವಸರದಲ್ಲಿ ಮೊದಲು ಶೃಂಗೇರಿಯ ಬಾಣವನ್ನು ಹರಿಹರಪುರಕ್ಕೆ ತಿರುಗಿಸುತ್ತಾನೆ. ಬಳಿಕ ‘ಶೃಂಗೇರಿಯ ಮುಂದಿನ ಊರೇ ಹರಿಹರಪುರದ ಮುಂದಿನ ಊರು’ ಎಂದು ಬರೆಯುತ್ತಾನೆ. ಆದರೆ ಶೃಂಗೇರಿಯ ಮುಂದಿನ ಊರು ಈಗ ಹರಿಹರಪುರವೇ ಆಗಿದೆ! ಬಸ್ಸು ಅಲ್ಲಿಯೇ ಗಿರಕಿ ಹೊಡೆಯುತ್ತದೆ. ಕೊಪ್ಪವೂ ಅದರಾಚೆಯ ಊರೂ ಮೆಮೊರಿಯಲ್ಲಿ ಜಾಗ ಹಿಡಿದುಕೊಂಡೇ ಇವೆ, ತಲುಪುವ ದಾರಿ ಮಾತ್ರ ಇಲ್ಲ. ಇದಕ್ಕೆ ‘ಮೆಮೊರಿ ಲೀಕ್’ ಅಂದರೆ ಸೋರಿಕೆ ಎನ್ನುತ್ತಾರೆ.

ಪರಿಹಾರ ಸರಳ. ಮೊದಲು ಹರಿಹರಪುರದಿಂದ ಕೊಪ್ಪಕ್ಕೆ ಬಾಣ, ಆಮೇಲೆ ಶೃಂಗೇರಿಯಿಂದ ಹರಿಹರಪುರಕ್ಕೆ. ಹೊಸ ಕೈ ಹಿಡಿಯುವವರೆಗೆ ಹಳೆಯ ಕೈ ಬಿಡಬಾರದು.

ಮುಳುಗಿದ ಊರಿನ ವಿಳಾಸ

ಪಟ್ಟಿಯನ್ನು ಅಳಿಸುವಾಗಿನ ತಪ್ಪು ಇನ್ನೂ ಕುಖ್ಯಾತ. ನೋಡನ್ನು ‘ಫ್ರೀ’ ಮಾಡಿ, ಆಮೇಲೆ ಅದರೊಳಗಿಂದಲೇ ಮುಂದಿನ ವಿಳಾಸ ಓದುವುದು. ಬ್ರಯಾನ್ ಕರ್ನಿಗನ್ ಮತ್ತು ರಿಚಿ ಬರೆದ ‘ಸಿ’ ಪಠ್ಯದ 1988ರ ಎರಡನೇ ಆವೃತ್ತಿಯಲ್ಲಿ, ಹೀಗೆ ಮಾಡಬೇಡಿ ಎನ್ನಲು ಇದನ್ನೇ ಉದಾಹರಣೆಯಾಗಿ ಕೊಟ್ಟಿದ್ದಾರೆ.

ಭದ್ರಾ ಹಿನ್ನೀರಿನ ಅಂಚಿನಲ್ಲಿರುವ ನರಸಿಂಹರಾಜಪುರದವರಿಗೆ ಇದನ್ನು ವಿವರಿಸಬೇಕಿಲ್ಲ. ಮುಳುಗಡೆಯಾದ ಹಳ್ಳಿಯ ವಿಳಾಸ ಕೈಯಲ್ಲಿದ್ದರೆ ಏನು ಬಂತು, ಅಲ್ಲಿ ಮನೆಯೇ ಇಲ್ಲ. ಕಂಪ್ಯೂಟರಿನಲ್ಲಂತೂ ಆ ಜಾಗ ಆಗಲೇ ಬೇರೆ ಮಾಹಿತಿಯ ಪಾಲಾಗಿರಬಹುದು. ಆದ್ದರಿಂದ ಮುಂದಿನ ವಿಳಾಸವನ್ನು ಮೊದಲು ಇನ್ನೊಂದು ಪಾಯಿಂಟರಿನಲ್ಲಿ ಬರೆದಿಟ್ಟುಕೊಂಡು, ನಂತರವೇ ‘ಫ್ರೀ’ ಮಾಡಬೇಕು. ಒಂದೇ ನೋಡನ್ನು ಎರಡು ಬಾರಿ ‘ಫ್ರೀ’ ಮಾಡುವುದೂ ಅಷ್ಟೇ ಅಪಾಯ.

ಲ್ಯಾಬಿನಲ್ಲಿ ಓಡಿತಲ್ಲ!

ಒಂದು ಪೂರ್ಣಾಂಕ ಮತ್ತು ಒಂದು ವಿಳಾಸವಿರುವ ನೋಡ್‌ಗೆ ಇಂದಿನ 64 ಬಿಟ್ ಕಂಪ್ಯೂಟರಿನಲ್ಲಿ ಸಾಮಾನ್ಯವಾಗಿ 16 ಬೈಟ್ ಬೇಕು. ವಿದ್ಯಾರ್ಥಿ ನೋಡ್‌ನ ಅಳತೆಯ ಬದಲು ಪಾಯಿಂಟರಿನ ಅಳತೆ ಬರೆದರೆ ಕೇಳಿದಂತಾಗುವುದು 8 ಬೈಟ್ ಮಾತ್ರ. ಆದರೂ ಪ್ರೋಗ್ರಾಂ ಓಡಬಹುದು! ‘ಮ್ಯಾಲಾಕ್’ ಎಷ್ಟೋ ಸಲ ಕೇಳಿದ್ದಕ್ಕಿಂತ ತುಸು ಹೆಚ್ಚೇ ಜಾಗ ಕೊಡುವುದರಿಂದ ತಪ್ಪು ಮುಚ್ಚಿಹೋಗುತ್ತದೆ. ಮುಂದೊಂದು ದಿನ ನೋಡ್ ದೊಡ್ಡದಾದಾಗ ಬರಹ ಬೇಲಿ ದಾಟಿ ಪಕ್ಕದ ಜಾಗವನ್ನು ಕೆಡಿಸುತ್ತದೆ. ಕೆಟ್ಟದ್ದು ಕಾಣುವುದು ಇನ್ನೆಲ್ಲೋ. ಸೋರಿಕೆಯೂ ಹಾಗೆಯೇ. ಪುಟ್ಟ ಪ್ರೋಗ್ರಾಂ ಮುಗಿದೊಡನೆ ಜಾಗವೆಲ್ಲ ವಾಪಸಾಗುವುದರಿಂದ ಲ್ಯಾಬಿನಲ್ಲಿ ಅದು ಕಾಣದು. ತಿಂಗಳುಗಟ್ಟಲೆ ಓಡುವ ಸರ್ವರನ್ನು ಅದೇ ಸೋರಿಕೆ ಮಲಗಿಸೀತು.

ಇವು ವಿದ್ಯಾರ್ಥಿಗಳ ತಪ್ಪು ಮಾತ್ರವಲ್ಲ. ತಾನು ಪ್ರತಿ ವರ್ಷ ಸರಿಪಡಿಸುವ ಭದ್ರತಾ ದೋಷಗಳಲ್ಲಿ ಸುಮಾರು ಶೇ 70ರಷ್ಟು ಮೆಮೊರಿಗೆ ಸಂಬಂಧಿಸಿದವು ಎಂದು ಮೈಕ್ರೋಸಾಫ್ಟ್ 2019ರಲ್ಲಿ ಹೇಳಿತ್ತು.

ಇಂಥ ತಪ್ಪು ಹಿಡಿಯಲು 2002ರಲ್ಲಿ ಬಂದ ‘ವ್ಯಾಲ್‌ಗ್ರಿಂಡ್’ನಂಥ ಉಚಿತ ಸಲಕರಣೆಗಳಿವೆ. ಆದರೆ ಪರೀಕ್ಷೆಯ ಕೋಣೆಯಲ್ಲಿ ಜೊತೆಗಿರುವುದು ಪೆನ್ಸಿಲ್ ಒಂದೇ. ಪ್ರತಿ ಸಾಲು ಬರೆದಾಗಲೂ ಚಿತ್ರದಲ್ಲಿ ಒಂದು ಬಾಣ ತಿದ್ದಬೇಕು. ಯಾವ ಚೌಕಕ್ಕೂ ದಾರಿ ತಪ್ಪಿಲ್ಲವೇ, ಕೊನೆಯಲ್ಲಿ ‘ನಲ್’ ಇದೆಯೇ, ಕೇಳಿ ಪಡೆದ ಜಾಗವೆಲ್ಲ ಒಮ್ಮೆ, ಒಮ್ಮೆ ಮಾತ್ರ, ಹಿಂದಿರುಗಿತೇ ಎಂದು ನೋಡಬೇಕು.

ಜಗಲಿಯ ಮೇಲಿನ ಹಾಳೆಯಲ್ಲಿ ನಡೆಯುತ್ತಿರುವುದು ಇದೇ. ಅಪ್ಪನಿಗೆ ಕುತೂಹಲವಿದ್ದರೆ ಒಂದು ಬಾಣದ ಮೇಲೆ ಬೆರಳಿಟ್ಟು, ‘ಇದು ಎಲ್ಲಿಗೆ ಹೋಗುತ್ತೆ ಮಗಾ?’ ಎಂದು ಕೇಳಿದರೆ ಸಾಕು. ಉತ್ತರ ಹೇಳಲು ಮಗ ತಡವರಿಸಿದರೆ, ತಪ್ಪು ಅಲ್ಲಿಯೇ ಇದೆ.