ಅಶೋಕನ ಸಮವಾಯ

ರಾಯಚೂರಿನಿಂದ ದಕ್ಷಿಣಕ್ಕೆ ಯರಗೇರಾದ ಕಡೆಗೆ ಹೊರಟವನು ಕಾಲಿಡುವ ನೆಲ ಸಾಮಾನ್ಯವಾದುದಲ್ಲ. ಕೃಷ್ಣಾ ತುಂಗಭದ್ರೆಗಳ ನಡುವಣ ಈ ದೋಆಬಿಗಾಗಿ ವಿಜಯನಗರದವರೂ ಬಹಮನಿ ಸುಲ್ತಾನರೂ, ತರುವಾಯ ಬಿಜಾಪುರದವರೂ ಎಷ್ಟು ಸಲ ಕಾದಿದರೆಂಬುದನ್ನು ಶಾಲೆಯ ಮಕ್ಕಳೂ ಬಲ್ಲರು. 1520ರಲ್ಲಿ ಕೃಷ್ಣದೇವರಾಯನು ರಾಯಚೂರನ್ನು ಗೆದ್ದ ಕಾಳಗವಂತೂ ಇತಿಹಾಸದಲ್ಲಿ ಹೆಸರಾದುದು. ಆದರೆ ಇದೇ ದೋಆಬಿನಲ್ಲಿ, ಆ ಕಾಳಗಕ್ಕಿಂತ 1700 ವರ್ಷಗಳಿಗೂ ಹಿಂದೆ, ಕತ್ತಿಯನ್ನು ಕೆಳಗಿರಿಸಿದ ಅರಸನೊಬ್ಬನು ಬಂಡೆಯ ಮೇಲೆ ತನ್ನ ಮನಸ್ಸನ್ನು ತೋಡಿಕೊಂಡಿದ್ದನು.

ಆ ಬಂಡೆ ಇರುವುದು ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಅದನ್ನು ಕಂಡುಹಿಡಿದನು. ಅದುವರೆಗೆ ದೊರೆತಿದ್ದ ಶಾಸನಗಳಲ್ಲೆಲ್ಲ ಅರಸನ ಹೆಸರು ‘ದೇವಾನಾಂಪ್ರಿಯ ಪ್ರಿಯದರ್ಶಿ’ ಎಂದಷ್ಟೇ ಇದ್ದಿತು. ಆತನೇ ಅಶೋಕನೆಂಬುದು ವಿದ್ವಾಂಸರ ಊಹೆ. ಮಸ್ಕಿಯ ಕಲ್ಲು ‘ಅಶೋಕ’ ಎಂಬ ಹೆಸರನ್ನೇ ನುಡಿದು ಆ ಊಹೆಯನ್ನು ನಿಜವಾಗಿಸಿತು. ಅದರಲ್ಲಿ ಅಶೋಕನು ತಾನು ಬುದ್ಧನ ಅನುಯಾಯಿಯಾಗಿ ಎರಡೂವರೆ ವರ್ಷಗಳು ಮೀರಿದುವೆಂದು ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾನೆ. ಓದುಗರು ಇದನ್ನು ನೆನಪಿನಲ್ಲಿಡಬೇಕು. ಮುಂದೆ ಹೇಳಲಿರುವ ಮಾತುಗಳನ್ನು ಆಡಿದವನು ಮತದ ವಿಷಯದಲ್ಲಿ ಉದಾಸೀನನಾಗಿದ್ದವನಲ್ಲ.

ಆ ಮಾತುಗಳಿಗಾಗಿ ಕೃಷ್ಣೆಯನ್ನು ದಾಟಿ ಉತ್ತರಕ್ಕೆ, ಕಲಬುರಗಿ ಜಿಲ್ಲೆಯ ಸನ್ನತಿಗೆ ಹೋಗಬೇಕು. ಭೀಮಾನದಿಯ ತಡಿಯ ಈ ಊರಿನಲ್ಲಿ ಚಂದ್ರಲಾಂಬೆಯ ಗುಡಿಯುಂಟು. 1980ರ ದಶಕದಲ್ಲಿ ಅಲ್ಲಿನ ಆವರಣದ ಕಾಳಿಯ ಗುಡಿಯ ಮಾಡು ಕುಸಿಯಿತು. ವಿಗ್ರಹವೂ ಮುರಿಯಿತು. ಅದಕ್ಕೆ ಪೀಠವಾಗಿದ್ದ ಕಲ್ಲನ್ನು ನೋಡಿದರೆ ಅದರ ಮೇಲೆ ಬ್ರಾಹ್ಮೀ ಲಿಪಿ! ಅದು ಅಶೋಕನ ಶಾಸನ. ಅದರಲ್ಲಿಯೂ ಪರಮತವನ್ನು ಗೌರವಿಸಬೇಕೆನ್ನುವ ಹನ್ನೆರಡನೆಯ ಶಾಸನದ ಭಾಗ. ಬೌದ್ಧ ಅರಸನ ಈ ಅಪ್ಪಣೆಯು ಎಷ್ಟೋ ಕಾಲ ದೇವಿಯೊಬ್ಬಳನ್ನು ಹೊತ್ತು ನಿಂತಿದ್ದಿತು. ಇಟ್ಟವರಿಗೆ ಅದನ್ನು ಓದಲು ಬರುತ್ತಿರಲಿಲ್ಲವೆಂಬುದು ನಿಜ. ಆದರೂ ಇಂಥ ಸೋಜಿಗವನ್ನು ಕಥೆಗಾರನು ಕಲ್ಪಿಸಿದ್ದರೆ ಯಾರೂ ನಂಬುತ್ತಿರಲಿಲ್ಲ.

ಗಿರ್ನಾರ್ ಮೊದಲಾದೆಡೆಗಳಲ್ಲಿಯೂ ದೊರೆತಿರುವ ಆ ಶಾಸನದ ಹುರುಳು ಹೀಗಿದೆ. ದಾನಕ್ಕಿಂತಲೂ ಪೂಜೆಗಿಂತಲೂ ಎಲ್ಲ ಮತಗಳ ಸಾರ ಬೆಳೆಯುವುದು ಮೇಲು. ಆ ಬೆಳವಣಿಗೆಗೆ ಬೇರು ಮಾತಿನ ಸಂಯಮ. ಭಕ್ತಿಯ ಆವೇಶದಲ್ಲಿ ತನ್ನ ಮತವನ್ನು ಹೊಗಳಿ ಪರರದನ್ನು ಹಳಿಯುವವನು ತನ್ನ ಮತಕ್ಕೇ ಹೆಚ್ಚು ಕೇಡು ಮಾಡುತ್ತಾನೆ. ಆದುದರಿಂದ ಒಬ್ಬರ ಧರ್ಮವನ್ನು ಇನ್ನೊಬ್ಬರು ಕಿವಿಗೊಟ್ಟು ಕೇಳಬೇಕು. ಇದಕ್ಕೆ ಅವನು ಬಳಸಿದ ಪದ ‘ಸಮವಾಯ’, ಎಂದರೆ ಕೂಡಿ ಬಾಳುವುದು. ಇಲ್ಲಿ ಮತಪಂಥಗಳಿಗೆ ಇರುವ ಶಬ್ದ ‘ಪಾಸಂಡ’. ಅಶೋಕನ ಬಾಯಲ್ಲಿ ಅದಕ್ಕೆ ಯಾವ ಕಳಂಕವೂ ಇರಲಿಲ್ಲ. ನಮ್ಮ ಕನ್ನಡಕ್ಕೆ ಬರುವಷ್ಟರಲ್ಲಿ ಅದೇ ‘ಪಾಷಂಡಿ’ ಎಂಬ ಬಯ್ಗಳಾಯಿತು. ಶಾಸನದ ಉಪದೇಶಕ್ಕೆ ಒದಗಿದ ಗತಿ ಈ ಒಂದು ಪದದಲ್ಲಿಯೇ ಕಾಣುತ್ತದೆ.

ಎಲ್ಲ ಮತಗಳೂ ಒಂದೇ ಎಂದು ಅಶೋಕನು ಹೇಳಲಿಲ್ಲ, ಟೀಕೆಯನ್ನು ಪೂರ್ತಿಯಾಗಿ ನಿಷೇಧಿಸಲೂ ಇಲ್ಲ. ಸಂದರ್ಭವರಿತು, ಹಗುರವಾಗಿ ಆಗಲಿ ಎಂದನು. ಈ ನಡೆ ಬುದ್ಧನಿಂದ ಬಂದದ್ದೇ ಸರಿ. ನಾಲಂದೆಯಲ್ಲಿ ಉಪಾಲಿಯೆಂಬ ಜೈನ ಗೃಹಸ್ಥನು ಬುದ್ಧನನ್ನು ವಾದದಲ್ಲಿ ಸೋಲಿಸಲು ಹೋಗಿ, ತಾನೇ ಸೋತು ಶರಣಾದನು. ಬುದ್ಧನು ಹಿಗ್ಗಲಿಲ್ಲ. ಮೊದಲು ಚೆನ್ನಾಗಿ ಯೋಚಿಸುವಂತೆ ಹೇಳಿದನು. ಬಳಿಕ, ಬಹುಕಾಲದಿಂದ ಜೈನ ಮುನಿಗಳಿಗೆ ಆಸರೆಯಾಗಿದ್ದ ಮನೆಯಲ್ಲಿ ಅವರಿಗೆ ಸಲ್ಲುವ ಭಿಕ್ಷೆ ನಿಲ್ಲಕೂಡದೆಂದನು. ಹೊಸ ಶಿಷ್ಯನ ಹುರುಪು ಗುರುವಿಗಿಂತ ಹೆಚ್ಚು. ಮುನಿಗಳನ್ನು ಒಳಗೆ ಬಿಡಬೇಡವೆಂದು ಉಪಾಲಿಯು ಬಾಗಿಲ ಕಾವಲಿನವನಿಗೆ ಕಟ್ಟುಮಾಡಿದನು. ಆದರೆ ಭಿಕ್ಷೆಯನ್ನು ಮಾತ್ರ ಬಾಗಿಲಿಗೇ ತರಿಸಿಕೊಡುವ ಏರ್ಪಾಡಿತ್ತು.

ಹೊರಗಿನವರೊಡನೆ ಸಮವಾಯ ಒಂದು ಬಗೆ. ಒಳಮನೆಯಲ್ಲಿ ಅದು ಇನ್ನೂ ಕಷ್ಟ. ಪರಮತಗಳ ವಿಷಯದಲ್ಲಿ ಅಷ್ಟು ಉದಾರನಾದ ಅಶೋಕನೇ ಸಾರನಾಥ, ಸಾಂಚಿಗಳ ಶಾಸನಗಳಲ್ಲಿ ಬೌದ್ಧ ಸಂಘವನ್ನು ಒಡೆಯುವ ಭಿಕ್ಷುವಿಗೆ ಬಿಳಿಯ ಬಟ್ಟೆ ಉಡಿಸಿ ಹೊರಹಾಕುವಂತೆ ಆಜ್ಞಾಪಿಸಿದ್ದಾನೆ. ಇದನ್ನು ಮರೆಮಾಚಿ ಅವನನ್ನು ಹೊಗಳುವುದು ಸಲ್ಲದು.

ಬುದ್ಧನ ಕಾಲದಲ್ಲಿಯೇ ಕೌಶಾಂಬಿಯಲ್ಲಿ ಸಂಘ ಒಡೆದಿತ್ತು. ಕಾರಣವನ್ನು ಕೇಳಿದರೆ ನಗು ಬರಬಹುದು. ವ್ಯಾಖ್ಯಾನಗಳು ಹೇಳುವಂತೆ, ಧರ್ಮೋಪದೇಶಕನೊಬ್ಬನು ಶೌಚದ ಪಾತ್ರೆಯಲ್ಲಿ ನೀರು ಉಳಿಸಿ ಬಂದನು. ವಿನಯಪಂಡಿತನೊಬ್ಬನು ಅದು ತಪ್ಪೆಂದು ತೋರಿಸಿದಾಗ ಆತನು ಕೂಡಲೇ ಪ್ರಾಯಶ್ಚಿತ್ತಕ್ಕೆ ಒಪ್ಪಿದನು. ‘ತಿಳಿಯದೆ ಮಾಡಿದ್ದರೆ ತಪ್ಪಲ್ಲ’ ಎಂದು ಪಂಡಿತನೂ ಸಮಾಧಾನ ಹೇಳಿದನು. ವಿಷಯ ಅಲ್ಲಿಗೇ ಮುಗಿಯಬೇಕಾಗಿತ್ತು. ಆದರೆ ಪಂಡಿತನು ತನ್ನ ಶಿಷ್ಯರ ಮುಂದೆ, ಆತನಿಗೆ ತನ್ನ ತಪ್ಪೇ ತಿಳಿಯದೆಂದು ಆಡಿದನು. ಅವರು ಆತನ ಶಿಷ್ಯರ ಮುಂದೆ ಆಡಿದರು. ಅತ್ತೆ ಸೊಸೆಯರ, ಓರಗಿತ್ತಿಯರ ನಡುವೆ ಮಾತು ಹೇಗೆ ಸಂಚರಿಸುವುದೋ ಹಾಗೆಯೇ ಇಲ್ಲಿಯೂ. ಕೊನೆಗೆ ಉಪದೇಶಕನಿಗೆ ಬಹಿಷ್ಕಾರ, ಊರೆಲ್ಲ ಎರಡು ಪಕ್ಷ.

ಬುದ್ಧನು ಬಂದು ಹೇಳಿದನು. ಅವರು ಕೇಳಲಿಲ್ಲ. ಆತನು ಯಾರ ಪಕ್ಷವನ್ನೂ ವಹಿಸದೆ, ಯಾರನ್ನೂ ಹೊರಹಾಕದೆ, ತಾನೇ ಪಾತ್ರೆಯನ್ನೆತ್ತಿಕೊಂಡು ಊರನ್ನು ಬಿಟ್ಟುಹೋದನು. ಗುರುವನ್ನು ಕಳೆದುಕೊಂಡ ಊರಿನವರು ಭಿಕ್ಷುಗಳಿಗೆ ನಮಸ್ಕಾರವನ್ನೂ ಅನ್ನವನ್ನೂ ನಿಲ್ಲಿಸಿದರು. ಉಪದೇಶಕ್ಕೆ ಬಗ್ಗದ ಮನಸ್ಸು ಬರಿಯ ಪಾತ್ರೆಗೆ ಬಗ್ಗಿತು. ಎರಡು ಪಕ್ಷದವರೂ ಬುದ್ಧನಿದ್ದ ಶ್ರಾವಸ್ತಿಗೆ ನಡೆದರು. ಅಲ್ಲಿ, ಯಾರೂ ಒತ್ತಾಯ ಮಾಡದಿರುವಾಗ, ಬಹಿಷ್ಕೃತ ಭಿಕ್ಷುವು ಒಬ್ಬನೇ ಕುಳಿತು ಯೋಚಿಸಿ, ತನ್ನದು ತಪ್ಪೇ ಹೌದೆಂದು ತನ್ನ ಪಕ್ಷದವರಿಗೆ ತಾನಾಗಿಯೇ ಹೇಳಿದನು.